ಭತ್ತದ ಹೊಟ್ಟಿನ ಬೂದಿಯಿಂದ ಗಾಜು: ಗಂಗಾವತಿಯ ಹಿತ್ತಲ ಕುಲುಮೆ

ಒಡೆದ ಬಾಟಲಿ ಕರಗಿಸಿ ಮಣಿ ಮಾಡುವ ವಿಡಿಯೋಗಳು ಬೇಕಾದಷ್ಟಿವೆ. ಅಲ್ಲಿ ಗಾಜು ಮೊದಲೇ ಇರುತ್ತದೆ, ಆಕಾರ ಮಾತ್ರ ಬದಲಾಗುತ್ತದೆ. ನನಗೆ ಬೇಕಿದ್ದದ್ದು ಬೇರೆ. ಗಾಜಲ್ಲದ ಸಾಮಾನಿನಿಂದ ಶುರು ಮಾಡಬೇಕು, ಕೊನೆಗೆ ಬೆಳಕಿಗೆ ಹಿಡಿದರೆ ಆಚೆ ಕಾಣಬೇಕು. ಆ ಸಾಮಾನು ಆದಷ್ಟೂ ಗಂಗಾವತಿ ಸುತ್ತಮುತ್ತಲಿನದೇ ಆಗಿರಬೇಕು.

ಮಾಮೂಲಿ ಗಾಜಿಗೆ ಮೂರು ವಸ್ತು ಸಾಕು. ಸಿಲಿಕಾ, ಅಂದರೆ ಉಸುಕು-ಬೆಣಚುಕಲ್ಲಿನ ಮೂಲವಸ್ತು, ಅದರ ಮೈ. ಸೋಡಾ ಅದನ್ನು ಕರಗಿಸುತ್ತದೆ. ಸುಣ್ಣ ಗಟ್ಟಿ ಮಾಡುತ್ತದೆ. ಬರೀ ಸಿಲಿಕಾ ಕರಗಬೇಕಾದರೆ 1700 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಹಿತ್ತಲಲ್ಲಿ ಅದು ಆಗದ ಮಾತು. ಸೋಡಾ ಬೆರೆತರೆ ಕರಗುವ ಶಾಖ ನೂರಾರು ಡಿಗ್ರಿ ಇಳಿಯುತ್ತದೆ. ಕಿಟಕಿ ಗಾಜಿನಲ್ಲಿ ನೂರಕ್ಕೆ 70ರಿಂದ 73 ಪಾಲು ಸಿಲಿಕಾ ಇರುತ್ತದೆ, ಕಾರ್ಖಾನೆಗಳಲ್ಲಿ ಅದನ್ನು 1500 ಡಿಗ್ರಿ ಆಸುಪಾಸಿನಲ್ಲಿ ಕರಗಿಸುತ್ತಾರೆ. ನನ್ನ ಇದ್ದಿಲ ಕುಲುಮೆ 1200 ಮುಟ್ಟಿದರೆ ಹೆಚ್ಚು. ಹಾಗಾಗಿ ಸಿಲಿಕಾ ಸ್ವಲ್ಪ ಇಳಿಸಿ, ಸೋಡಾ ಜಾಸ್ತಿ ಮಾಡಿ, ಜೊತೆಗೆ ಒಂದಿಷ್ಟು ಬಿಳಿಗಾರ ಸೇರಿಸುವುದು ಅಂತ ಲೆಕ್ಕ ಹಾಕಿದೆ. ಬಿಳಿಗಾರ ಅಂದರೆ ಪತ್ತಾರರು (ಅಕ್ಕಸಾಲಿಗರು) ಬೆಸುಗೆಗೆ ಹಾಕುವ ಅದೇ ಪುಡಿ. ಒಣಗಿದ ಬಿಳಿಗಾರ 743 ಡಿಗ್ರಿಗೇ ಕರಗುತ್ತದೆ, ಮತ್ತು ತಾನೂ ಗಾಜಿನೊಳಗೇ ಉಳಿಯುತ್ತದೆ.

ಉಸುಕೋ, ಬೆಣಚೋ, ಹೊಟ್ಟೋ?

ಸಿಲಿಕಾ ಎಲ್ಲಿಂದ ತರುವುದು? ಎಲ್ಲರೂ ಮೊದಲು ಕೇಳುವುದು "ತುಂಗಭದ್ರೆ ಉಸುಕು ಇದೆಯಲ್ಲ" ಅಂತ. ಇದೆ, ಆದರೆ ಅದು ಗ್ರಾನೈಟ್ ಬೆಟ್ಟಗಳು ಸವೆದು ಬಂದ ಉಸುಕು. ಬೆಣಚಿನ ಜೊತೆ ಗ್ರಾನೈಟಿನ ಬೇರೆ ಖನಿಜಗಳೂ ಕಾಗೆಬಂಗಾರವೂ ಅದರಲ್ಲಿ ಇರುತ್ತವೆ. ಅಯಸ್ಕಾಂತ ಆಡಿಸಿದರೆ ಕರೀ ಪುಡಿ ಗಡ್ಡದಂತೆ ಅಂಟುತ್ತದೆ. ಆ ಕಬ್ಬಿಣ ಗಾಜಿಗೆ ಹೋದರೆ ದಟ್ಟ ಹಸಿರು. ಬಿಯರ್ ಬಾಟಲಿ ಬಣ್ಣ ಬೇಕಿದ್ದರೆ ನದಿ ಉಸುಕು ಸಾಕು.

ಎರಡನೆಯದು ಬೆಣಚುಕಲ್ಲು. ನಮ್ಮ ಹೊಲಗಳ ಬದುವಿನಲ್ಲಿ ಬಿಳೀ ಕಲ್ಲುಗಳು ಬಿದ್ದಿರುತ್ತವಲ್ಲ, ಅವೇ. ಬಹುಪಾಲು ಶುದ್ಧ ಸಿಲಿಕಾ. ತೊಂದರೆ ಏನೆಂದರೆ ಕುಟ್ಟುವುದು. ಹಾಗೇ ಸುತ್ತಿಗೆ ಎತ್ತಿದರೆ ಕಲ್ಲಿಗಿಂತ ಮೊದಲು ಕೈ ಸೋಲುತ್ತದೆ. ಇದಕ್ಕೆ ಹಳೇ ಉಪಾಯ ಇದೆ: ಕಲ್ಲನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಬೇಕು. ಬೆಣಚಿನ ಹರಳು 573 ಡಿಗ್ರಿಯಲ್ಲಿ ಒಳರಚನೆ ಬದಲಿಸುತ್ತದೆ, ಗಾತ್ರ ತಟ್ಟನೆ ಹಿಗ್ಗುತ್ತದೆ. ವಾಪಸ್ ಬರುವಾಗ ತಟ್ಟನೆ ಕುಗ್ಗುತ್ತದೆ. ಹೀಗೆ ಕಲ್ಲಿನ ತುಂಬ ಬಿರುಕು ಬೀಳುತ್ತವೆ. ಆಮೇಲೆ ಕಬ್ಬಿಣದ ಕುಟ್ಟಾಣಿಯಲ್ಲಿ ಸುಲಭಕ್ಕೆ ಪುಡಿಯಾಗುತ್ತದೆ. ನೀರಿಗೆ ಹಾಕುವಾಗ ಚೂರು ಸಿಡಿಯುತ್ತದೆ, ಮುಖಕ್ಕೆ ಅಡ್ಡ ಏನಾದರೂ ಬೇಕೇ ಬೇಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬೆಣಚಿನ ನುಣುಪು ಪುಡಿ ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಬರುತ್ತದೆ, ಬಂದದ್ದು ವಾಸಿಯಾಗುವುದಿಲ್ಲ. ಕಲ್ಲುಕ್ವಾರಿ ಇರುವ ನಮ್ಮ ಕಡೆಯವರಿಗೆ ಇದು ಹೊಸ ಸುದ್ದಿಯಲ್ಲ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಲದು. ಎನ್95 ಮಾಸ್ಕ್ ಹಾಕಿ, ಪುಡಿಯನ್ನು ಒದ್ದೆ ಮಾಡಿಕೊಂಡೇ ಅರೆಯಬೇಕು.

ಮೂರನೆಯದೇ ನನಗೆ ಹಿಡಿಸಿದ್ದು: ಭತ್ತದ ಹೊಟ್ಟು. ಗಂಗಾವತಿಯಲ್ಲಿ ರೈಸ್ ಮಿಲ್ಲಿಗೆ ಬರವೇ? ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಹೊಟ್ಟು. ಹೊಟ್ಟು ಸುಟ್ಟರೆ ಮತ್ತೆ ಅದರ ಐದನೇ ಒಂದು ಪಾಲು ಬೂದಿ. ಆ ಬೂದಿಯಲ್ಲಿ ನೂರಕ್ಕೆ 85ರಿಂದ 95 ಪಾಲು ಸಿಲಿಕಾ. ಭತ್ತದ ಗಿಡ ನೀರಿನ ಜೊತೆ ಹೀರಿಕೊಂಡ ಸಿಲಿಕಾ ಅದು. ಕಲ್ಲಿನ ಸಿಲಿಕಾ ಹರಳು ಕಟ್ಟಿಕೊಂಡಿರುತ್ತದೆ, ಹದವಾಗಿ ಸುಟ್ಟ ಹೊಟ್ಟಿನದು ಹರಳು ಕಟ್ಟಿರುವುದಿಲ್ಲ, ಮೈ ತುಂಬ ತೂತು. ಹಾಗಾಗಿ ಸೋಡಾ ಅದರೊಳಗೆ ಬೇಗ ಇಳಿಯುತ್ತದೆ. ಕಬ್ಬಿಣವೂ ಕಡಿಮೆ.

ಮಿಲ್ಲಿನ ಬಾಯ್ಲರ್‌ನಿಂದ ಬರುವ ಬೂದಿ ಕಪ್ಪಗಿರುತ್ತದೆ, ಇದ್ದಿಲು ಒಳಗೇ ಉಳಿದಿರುತ್ತದೆ. ಅದನ್ನು ಮತ್ತೆ ಸುಟ್ಟು ಬಿಳಿ ಮಾಡಬೇಕು. ಇಲ್ಲಿ ಅವಸರ ಮಾಡಬಾರದು. ಹೊಟ್ಟಿನಲ್ಲಿ ಸ್ವಲ್ಪ ಪೊಟ್ಯಾಷ್ ಇರುತ್ತದೆ. ಉರಿ ಜೋರಾದರೆ ಅದು ಸಿಲಿಕಾದ ಮೇಲ್ಮೈ ಕರಗಿಸಿ ಇದ್ದಿಲನ್ನು ಒಳಗೇ ಮುಚ್ಚಿಬಿಡುತ್ತದೆ. ಆಮೇಲೆ ಎಷ್ಟು ಸುಟ್ಟರೂ ಕಪ್ಪು ಹೋಗುವುದಿಲ್ಲ. ನಾನು ಮಿಲ್ಲಿನ ಬೂದಿ ಬಿಟ್ಟು ಹಸೀ ಹೊಟ್ಟೇ ತಂದೆ. ಅಗಲ ಬಾಣಲೆಯಲ್ಲಿ ತೆಳ್ಳಗೆ ಹರಡಿ, ಮಂದ ಕೆಂಪು ಶಾಖದಲ್ಲಿ ಆಗಾಗ ಕೆದಕುತ್ತ ಸುಟ್ಟೆ. ತಿಳಿಬೂದು ಬಣ್ಣಕ್ಕೆ ಬಂದರೆ ಸಾಕು.

ಹುಲ್ಲಿನ ಸಿಲಿಕಾ ಬೆಂಕಿಗೆ ಕರಗಿ ಗಾಜಿನ ಗಟ್ಟಿಯಾಗುವುದು ನಮ್ಮ ಸೀಮೆಗೆ ಬಹಳ ಹಳೆಯ ಕಥೆ. ಬಳ್ಳಾರಿ–ಹೊಸಪೇಟೆ ರಸ್ತೆಯಲ್ಲಿ ಕುಡತಿನಿ ಹತ್ತಿರ ಬೂದಿ ದಿಬ್ಬ ಇದೆ. ರಾಕ್ಷಸನನ್ನು ಸುಟ್ಟ ಬೂದಿ ಅಂತ ಜನ ಹೇಳುತ್ತಿದ್ದರು. 1957ರಲ್ಲಿ ಈಗ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಇಂಥದ್ದೇ ದಿಬ್ಬ ಅಗೆದು ನೋಡಿ, ಹೊಸಶಿಲಾಯುಗದ ದನದ ದೊಡ್ಡಿಗಳಲ್ಲಿ ಸೇರಿದ ಸಗಣಿ ಸುಟ್ಟು ಆದದ್ದು ಅಂತ ತೋರಿಸಿದರು. ಈ ದಿಬ್ಬಗಳಲ್ಲಿ ಕರಗಿ ಗಟ್ಟಿಯಾದ, ಗಾಜಿನ ಹೊಳಪಿನ ಬೂದಿ ಗಡ್ಡೆಗಳು ಸಿಗುತ್ತವೆ. ದನ ತಿಂದ ಹುಲ್ಲಿನ ಸಿಲಿಕಾ, ಅದರದೇ ಪೊಟ್ಯಾಷ್, ಸಾಕಷ್ಟು ಉರಿ. ಸಾಮಾನೆಲ್ಲ ಅಲ್ಲೇ ಇದ್ದವು! ಅಲ್ಲಿಂದ ಏನನ್ನೂ ಕಿತ್ತು ತರಬೇಡಿ, ನೋಡಿ ಬಂದರೆ ಸಾಕು.

ಸೋಡಾ ಮತ್ತು ಚೌಳು

ಅಂಗಡಿಯ ವಾಷಿಂಗ್ ಸೋಡಾ ಸುಲಭ. ಆದರೆ ತೂಗುವ ಮುಂಚೆ ಹುರಿಯಬೇಕು. ಹರಳು ಸೋಡಾದಲ್ಲಿ ನೂರಕ್ಕೆ 63 ಪಾಲು ನೀರೇ ಇರುತ್ತದೆ. ಹುರಿಯದೆ ತೂಗಿದರೆ ನೀವು ಹಾಕಿದ್ದು ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ ಸೋಡಾ, ಅಷ್ಟೇ. ಬಿಳಿಗಾರವೂ ಹೀಗೇ, ಹುರಿದರೆ ಅರಳಿ ಹಗುರಾಗಿ ಸುಮಾರು ಅರ್ಧ ತೂಕಕ್ಕೆ ಬರುತ್ತದೆ.

ಚೌಳಿನ, ಅಂದರೆ ಗದ್ದೆಯ ಉಪ್ಪುಮಣ್ಣಿನ, ಆಸೆ ಮಾತ್ರ ಬಿಡಲಾಗಲಿಲ್ಲ. ಕಾಲುವೆ ನೀರು ಬಂದ ಮೇಲೆ ನಮ್ಮ ತಗ್ಗಿನ ಗದ್ದೆಗಳಲ್ಲಿ ಸವಳು-ಜವಳು ಎಷ್ಟಿದೆ ಅಂತ ಇಲ್ಲಿನ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ. ಬೇಸಿಗೆಯಲ್ಲಿ ಬದುವಿನ ಮೇಲೆ ಬಿಳೀ ಪೊರೆ ಏಳುತ್ತದೆ. ಸೋಡಾ ಮಣ್ಣಿನಿಂದ ಬಳೆಗಾಜು ಮಾಡುವುದು ಕರ್ನಾಟಕದಲ್ಲಿ ಇದ್ದ ಕಸುಬೇ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್, ಈಗಿನ ಚಿತ್ರದುರ್ಗ ಜಿಲ್ಲೆಯ ಮತ್ತೋಡಿನಲ್ಲಿ ಬಳೆಗಾಜಿನ ಕುಲುಮೆಗಳನ್ನು ಕಂಡು ಬರೆದಿಟ್ಟಿದ್ದಾನೆ.

ನೆಂಟರ ಗದ್ದೆಯ ಬದುವಿನಿಂದ ಪೊರೆ ಕೆರೆದು ತಂದೆ. ಬಕೆಟ್ ನೀರಿನಲ್ಲಿ ಕದಡಿ, ರಾತ್ರಿ ತಿಳಿಯಾಗಲು ಬಿಟ್ಟು, ಪಂಚೆ ಬಟ್ಟೆಯಲ್ಲಿ ಸೋಸಿ, ಆ ನೀರು ಕುದಿಸಿ ಬತ್ತಿಸಿದೆ. ತಳದಲ್ಲಿ ಕೊಳಕು ಬಿಳಿ ಉಪ್ಪು ಉಳಿಯಿತು. ಪರೀಕ್ಷೆ ಅಡುಗೆಮನೆಯದೇ. ಅರಿಶಿನ ಹಚ್ಚಿದ ಕಾಗದಕ್ಕೆ ಅದರ ನೀರು ಬಿಟ್ಟರೆ ಕುಂಕುಮದ ಕೆಂಪು ಬಂತು, ಅಂದರೆ ಕ್ಷಾರ ಇದೆ. ನಿಂಬೆರಸ ಬಿಟ್ಟರೆ ಬುಸ್ಸೆಂದಿತು, ಅಂದರೆ ಸೋಡಾ ಇದೆ. ಮಣ್ಣಿಗೇ ನೇರ ನಿಂಬೆ ಹಿಂಡಿ ನೋಡಿದರೆ ಪ್ರಯೋಜನ ಇಲ್ಲ, ಮಣ್ಣಿನ ಸುಣ್ಣದ ಹರಳೂ ಬುಸ್ಸೆನ್ನುತ್ತದೆ. ಸೋಸಿ ಬತ್ತಿಸಿದ ಮೇಲೆಯೇ ನೋಡಬೇಕು. ನಾಲಿಗೆಗೆ ಉಪ್ಪುಪ್ಪು ಅನಿಸುವುದರಿಂದ ಅಡುಗೆ ಉಪ್ಪೂ ಜೊತೆಗಿದೆ ಅನ್ನುವುದು ಖಾತ್ರಿ. ಅದರ ಪರಿಣಾಮ ಮೂಸೆಯಲ್ಲಿ, ಅಂದರೆ ಗಾಜು ಕರಗಿಸುವ ಪಾತ್ರೆಯಲ್ಲಿ, ಕಂಡಿತು, ಮುಂದೆ ಹೇಳುತ್ತೇನೆ.

ಸುಣ್ಣಕ್ಕೆ ಸುಟ್ಟ ಸುಣ್ಣದ ಹರಳು ತಂದು ನೀರು ಚಿಮುಕಿಸಿ ಅರಳಿಸಿ, ಒಣಪುಡಿ ಜರಡಿ ಹಿಡಿದೆ. ಅಷ್ಟೇ.

ಕುಲುಮೆ

ಬೆಂಕಿ ಇಟ್ಟಿಗೆಗೆ ಒದ್ದಾಡಬೇಕಿಲ್ಲ, ಗಿಣಿಗೇರಾ ಕಡೆ ಕಬ್ಬಿಣದ ಕಾರ್ಖಾನೆಗಳಿವೆ, ಹಳೇ ಇಟ್ಟಿಗೆ ಗುಜರಿಯಲ್ಲೂ ಸಿಗುತ್ತವೆ. ಇಟ್ಟಿಗೆಗಳನ್ನು ನಿಲ್ಲಿಸಿ ದುಂಡಗೆ ಜೋಡಿಸಿದೆ, ಒಳಗೆ ಒಂದು ಗೇಣು ಅಗಲ. ಸಂದಿಗೆ ಜೇಡಿಮಣ್ಣು. ಸುತ್ತಲೂ ತಗಡಿನ ಡ್ರಮ್, ಡ್ರಮ್ಮಿಗೂ ಇಟ್ಟಿಗೆಗೂ ನಡುವೆ ಹೊಟ್ಟಿನ ಬೂದಿಯನ್ನೇ ತುಂಬಿದೆ. ಶಾಖ ತಡೆಯಲು ಇಷ್ಟು ಅಗ್ಗದ ಒಳ್ಳೇ ವಸ್ತು ಇನ್ನೊಂದಿಲ್ಲ. ಬುಡದಲ್ಲಿ ಒಂದೂವರೆ ಇಂಚಿನ ಜಿಐ ಪೈಪ್, ಅದಕ್ಕೆ ಹೋಟೆಲ್ ಭಟ್ಟಿಗೆ ಹಾಕುವ ಚಿಕ್ಕ ಬ್ಲೋವರ್. ಮೇಲೆ ಮುಚ್ಚಳಕ್ಕೆ ಇಟ್ಟಿಗೆ ತುಂಡುಗಳು, ನಡುವೆ ಹೊಗೆ ಹೋಗಲು ಜಾಗ. ಇಷ್ಟೂ ಬಯಲಲ್ಲೇ ಇರಬೇಕು. ಇದ್ದಿಲಿನ ಹೊಗೆ ಕಣ್ಣಿಗೆ ಕಾಣದಿದ್ದರೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಇರುತ್ತದೆ.

ಇದ್ದಿಲು ಬಳ್ಳಾರಿ ಜಾಲಿಯದು. ಹೊಲಕ್ಕೆ ಶನಿಯಾಗಿ ಹಬ್ಬಿದ ಗಿಡ, ಆದರೆ ಇದ್ದಿಲಿಗೆ ಅದರಷ್ಟು ಗಟ್ಟಿ ಉರಿ ಕೊಡುವುದು ಇಲ್ಲಿ ಕಮ್ಮಿ. ನಿಂಬೆಕಾಯಿ ಗಾತ್ರಕ್ಕೆ ಒಡೆದುಕೊಂಡರೆ ಗಾಳಿ ಸರಾಗ ಆಡುತ್ತದೆ.

ಮೂಸೆ ಮಣ್ಣಿನದು. ಗ್ರಾಫೈಟ್ ಮೂಸೆ ಗಟ್ಟಿ, ಆದರೆ ಅದರ ಇಂಗಾಲ ಗಾಜಿನ ಬಣ್ಣ ಕೆಡಿಸುತ್ತದೆ. ಮೂಸೆ ಕೊಟ್ಟ ಪತ್ತಾರ ಕಾಕಾ ಒಂದೇ ಮಾತು ಹೇಳಿದರು: "ಹಸಿ ಮೂಸಿ ಬೆಂಕ್ಯಾಗ ಇಟ್ಟಿ ಅಂದ್ರ ಸಿಡಿತೈತಿ ನೋಡಪಾ. ಮೊದ್ಲ ಒಲಿ ಬಾಜೂಕ ಇಟ್ಟು ಬೆಚ್ಚಗ ಮಾಡು." ಶಾಖ ತಿಳಿಯಲು ಮೀಟರ್ ಇದ್ದರೂ ಅವರ ಉಪಾಯವೇ ನನಗೆ ಹೆಚ್ಚು ನಂಬಿಕೆಯದು. ಮೂಸೆ ಪಕ್ಕದಲ್ಲಿ ಒಂದು ಚಿಕ್ಕ ಚಿಪ್ಪಿನಲ್ಲಿ ತಾಮ್ರದ ತಂತಿ ತುಂಡು ಇಡುವುದು. ತಾಮ್ರ 1085 ಡಿಗ್ರಿಗೆ ಕರಗುತ್ತದೆ. ತಾಮ್ರ ಗುಂಡಗಾಯಿತು ಅಂದರೆ ಕೆಲಸ ಶುರುವಾಯಿತು ಅಂತ. ಒಳಗೆ ನೋಡುವಾಗ ವೆಲ್ಡಿಂಗ್ ಕನ್ನಡಕ ಬೇಕು.

ಕರಗಿಸುವುದು

ಸುಮಾರು ನೂರು ಗ್ರಾಂ ಗಾಜಿಗೆ ನನ್ನ ಅಳತೆ: ಹೊಟ್ಟಿನ ಬೂದಿ 65 ಗ್ರಾಂ, ಹುರಿದ ಸೋಡಾ 30, ಅರಳಿದ ಸುಣ್ಣ 11, ಹುರಿದ ಬಿಳಿಗಾರ 10. ಒಟ್ಟು 116. ಇದರಲ್ಲಿ ಸುಮಾರು 15 ಗ್ರಾಂ ಗಾಳಿಗೆ ಹೋಗುತ್ತದೆ: ಸೋಡಾದಿಂದ ಇಂಗಾಲದ ಡೈಆಕ್ಸೈಡ್, ಸುಣ್ಣದಿಂದ ನೀರಿನ ಹಬೆ. ಆ ಹೋಗುವ ಗಾಳಿಯೇ ದೊಡ್ಡ ತಲೆನೋವು. ಮೂಸೆ ತುಂಬ ಪುಡಿ ಹಾಕಿ ಕಾಯಿಸಿದರೆ ನೊರೆ ಉಕ್ಕಿ ಇದ್ದಿಲ ಮೇಲೆ ಸುರಿಯುತ್ತದೆ. ಬೂದಿ ಬೇರೆ ಹತ್ತಿಯಷ್ಟು ಹಗುರ, 65 ಗ್ರಾಂ ಅಂದರೆ ದೊಡ್ಡ ಬೋಗುಣಿ.

ಅದಕ್ಕೇ ಎರಡು ಹಂತ ಮಾಡಿದೆ. ಮೊದಲು ಎಲ್ಲವನ್ನೂ ಸ್ವಲ್ಪ ನೀರಿನಲ್ಲಿ ಕಲಸಿ ಉಂಡೆ ಕಟ್ಟಿ ಬಿಸಿಲಿಗಿಟ್ಟೆ. ಕೈಗವಸು ಹಾಕಿಕೊಳ್ಳಿ, ಸೋಡಾ-ಸುಣ್ಣ ಸೇರಿದರೆ ಚರ್ಮ ಸುಡುತ್ತದೆ. ನಮ್ಮ ಬಿಸಿಲಿಗೆ ಒಣಗುವುದು ಎಷ್ಟು ಹೊತ್ತು? ಒಣ ಉಂಡೆಗಳನ್ನು ಬಾಣಲೆಯಲ್ಲಿ ಕೆಂಪು ಶಾಖಕ್ಕೆ, ಅಂದರೆ 750 ಡಿಗ್ರಿ ಹತ್ತಿರಕ್ಕೆ, ಕಾಯಿಸಿ ಅಲ್ಲೇ ಹಿಡಿದಿಟ್ಟೆ. ಇಲ್ಲಿ ಪೂರ್ತಿ ಕರಗುವುದಿಲ್ಲ, ಪುಡಿಗಳು ಒಂದಕ್ಕೊಂದು ಅಂಟಿ ಗಾಳಿ ಬಹಳಷ್ಟು ಹೊರಟುಹೋಗುತ್ತದೆ. ತಣ್ಣಗಾದ ಮೇಲೆ ಅದನ್ನು ಕುಟ್ಟಿ ಪುಡಿ ಮಾಡಿ ಆಮೇಲೆ ಮೂಸೆಗೆ. ಹಳಬರ ಗಾಜಿನ ಕಸುಬಿನಲ್ಲೂ ಹೀಗೇ ಎರಡು ಬೆಂಕಿ. ನೊರೆ ಕಾಟ ಮುಕ್ಕಾಲು ಪಾಲು ಹೋಯಿತು.

ಮೂಸೆಯ ಮೂರನೇ ಒಂದು ಭಾಗದಷ್ಟು ಪುಡಿ ಹಾಕಿ ಕಾಯಿಸಬೇಕು, ಅದು ಕುಸಿದ ಮೇಲೆ ಇನ್ನಷ್ಟು. ತಾಮ್ರ ಕರಗಿದ ಮೇಲೂ ಬ್ಲೋವರ್ ಜೋರಾಗಿಯೇ ಇಟ್ಟೆ. ಕಿತ್ತಳೆ ಬಣ್ಣ ಹಳದಿಗೆ ತಿರುಗುತ್ತದೆ. ಕರಗಿತು ಅಂತ ಕಂಡರೂ ಕರಗಿರುವುದಿಲ್ಲ. ಕಬ್ಬಿಣದ ಸಲಾಕೆ ಅದ್ದಿ ಮೇಲಕ್ಕೆ ಎಳೆದರೆ ಎಳೆ ಬರುತ್ತದೆ, ಬೆಲ್ಲದ ಪಾಕಕ್ಕೆ ನೋಡುವ ಹಾಗೆಯೇ. ಎಳೆಯಲ್ಲಿ ಗಂಟುಗಂಟು ಸಿಕ್ಕರೆ ಇನ್ನೂ ಕರಗದ ಸಿಲಿಕಾ ಇದೆ ಅಂತ. ಎಳೆ ನುಣ್ಣಗೆ ಬರುವ ತನಕ ಕಾಯಲೇಬೇಕು. ಬೆಣಚಿನ ಪುಡಿಯ ಮೂಸೆಯಲ್ಲಿ ಈ ಗಂಟು ಹೋಗುವುದಕ್ಕೆ ಹೊಟ್ಟಿನ ಬೂದಿಗಿಂತ ಎಷ್ಟೋ ಜಾಸ್ತಿ ಹೊತ್ತು ಬೇಕಾಯಿತು. ಮಧ್ಯೆ ಕರೆಂಟ್ ಹೋದರೆ ಬ್ಲೋವರ್ ನಿಲ್ಲುತ್ತದೆ. ಇನ್ವರ್ಟರ್‌ಗೆ ಹಾಕಿಕೊಂಡೇ ಕೂತಿದ್ದೆ, ಗಂಗಾವತಿಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಚೌಳಿನ ಉಪ್ಪು ಹಾಕಿದ ಮೂಸೆ ಬೇರೆಯೇ ಆಟ ಆಡಿತು. ಕರಗಿದ ಗಾಜಿನ ಮೇಲೆ ನೀರಿನಷ್ಟು ತೆಳು, ಬಿಳೀ ಪದರ ತೇಲಿತು. ಅಡುಗೆ ಉಪ್ಪೂ ಸಲ್ಫೇಟೂ ಗಾಜಿನಲ್ಲಿ ಹೆಚ್ಚು ಬೆರೆಯುವುದಿಲ್ಲ, ಮೇಲೆ ಬಂದು ನಿಲ್ಲುತ್ತವೆ. ಅದನ್ನು ಸಲಾಕೆಯಿಂದ ತೆಗೆದು ಹಾಕಿದೆ. ಅಂದರೆ ತೂಕಕ್ಕೆ ಹಾಕಿದ ಉಪ್ಪಿನಲ್ಲಿ ಒಂದು ಪಾಲಷ್ಟೇ ಗಾಜಿಗೆ ದಕ್ಕಿದ್ದು, ಮುಂದಿನ ಸಲ ಅಷ್ಟು ಜಾಸ್ತಿ ಹಾಕಬೇಕು. ಗಾಜಿನ ಬಣ್ಣ ಜೇನುಕಂದು. ಸಲ್ಫೇಟ್, ಚೂರು ಕಬ್ಬಿಣ, ಮೇಲಿಂದ ಬಿದ್ದ ಇದ್ದಿಲ ಪುಡಿ ಸೇರಿದರೆ ಇದೇ ಬಣ್ಣ. ಕಂದು ಔಷಧಿ ಬಾಟಲಿಗಳ ಬಣ್ಣದ ಗುಟ್ಟೂ ಇಂಗಾಲ-ಗಂಧಕವೇ. ಸುಮ್ನೆ ಹೇಳುವುದಲ್ಲ, ಇಷ್ಟರಲ್ಲಿ ನನಗೆ ತುಂಬ ಹಿಡಿಸಿದ ತುಂಡು ಅದೇ.

ಆರಿಸುವುದು

ಜನ ಕರಗಿಸುವುದೇ ಕಷ್ಟ ಅಂದುಕೊಳ್ಳುತ್ತಾರೆ. ಕರಗಿಸಲು ಇದ್ದಿಲು ಬೇಕು, ಅಷ್ಟೇ. ಕೈಯಲ್ಲಿ ಉಳಿಯುವ ಗಾಜು ಬೇಕಾದರೆ ಅದನ್ನು ತಣಿಸಿ ಆರಿಸುವುದು ಗೊತ್ತಿರಬೇಕು. ಇದರಲ್ಲಿ ಒಂದಕ್ಕೊಂದು ಎದುರಾದ ಎರಡು ಬೇಡಿಕೆಗಳಿವೆ.

ಮೊದಲು ಶಾಖ ಬೇಗ ಇಳಿಯಬೇಕು. ಕರಗಿದ ಗಾಜನ್ನು 900ರಿಂದ 700 ಡಿಗ್ರಿ ನಡುವೆ ತುಂಬ ಹೊತ್ತು ನಿಲ್ಲಿಸಿದರೆ ಒಳಗೆ ಹರಳು ಕಟ್ಟಲು ಶುರು. ಗಾಜು ಅಂದರೇ ಹರಳು ಕಟ್ಟಲು ಸಮಯ ಸಿಗದೆ ಗಟ್ಟಿಯಾದ ದ್ರವ. ಇದನ್ನು ಕಣ್ಣಾರೆ ನೋಡಬೇಕು ಅಂತ ಒಂದು ಮೂಸೆಯನ್ನು ಕುಲುಮೆಯೊಳಗೇ ಬೂದಿ ಮುಚ್ಚಿ ತಾನಾಗಿ ಆರಲು ಬಿಟ್ಟೆ. ಸಿಕ್ಕಿದ್ದು ಹಾಲುಬಿಳಿ ಮಬ್ಬು ಗಟ್ಟಿ. ಅದೇ ಸಾಮಾನು, ಅದೇ ಅಳತೆ, ಆಚೆ ಏನೂ ಕಾಣುವುದಿಲ್ಲ.

ಆಮೇಲೆ ನಿಧಾನ ಮಾಡಬೇಕು. 550 ಡಿಗ್ರಿಯಿಂದ ಕೆಳಗೆ ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗಿನದು ನಂತರ ಕುಗ್ಗಲು ನೋಡುತ್ತದೆ, ಹೊರಮೈ ಬಿಡುವುದಿಲ್ಲ. ಆ ಎಳೆದಾಟ ಒಳಗೇ ಉಳಿಯುತ್ತದೆ. ತುಂಡು ಚೆನ್ನಾಗಿಯೇ ಕಾಣುತ್ತದೆ, ಗಂಟೆಗಳಾದ ಮೇಲೆ ಟಿಂಗ್ ಅಂತ ತಾನೇ ಸೀಳುತ್ತದೆ.

ಹಾಗಾಗಿ ಹೊಯ್ಯುವ ಮುಂಚೆಯೇ ಎರಡು ವಸ್ತು ಬಿಸಿಯಾಗಿರಬೇಕು. ಒಂದು ಹಳೇ ರೊಟ್ಟಿ ಹಂಚು, ಕಬ್ಬಿಣದ್ದು. ಮೂಸೆಯಿಂದ ಅದರ ಮೇಲೆ ಹೊಯ್ದರೆ ಗಾಜು ಬೇಗ 700 ದಾಟಿ ಇಳಿಯುತ್ತದೆ, ಆದರೆ ಹಂಚು ತಣ್ಣಗಿಲ್ಲದಿರುವುದರಿಂದ ಒಡೆಯುವುದಿಲ್ಲ. ಇನ್ನೊಂದು ಇಟ್ಟಿಗೆಯ ಗೂಡು. ಸುತ್ತ ದಪ್ಪಗೆ ಹೊಟ್ಟಿನ ಬೂದಿ, ತಳದಲ್ಲಿ ಕೆಂಡ, ಕೆಂಡದ ಮೇಲೆ ಬೂದಿ ಹರಡಿ ತಗಡು. ಗೂಡಿನೊಳಗೆ 520 ಡಿಗ್ರಿ ಆಸುಪಾಸು ಬಂದಾಗ ಗಾಜಿನ ತುಂಡು ಒಳಗೆ ಹೋಗಬೇಕು. ಬಣ್ಣ ನೋಡಿ ಹೇಳಲಾಗದ ಶಾಖ ಇದು, ಕತ್ತಲಲ್ಲೂ ಕೆಂಪು ಕಂಡೂ ಕಾಣದಷ್ಟು. ಇಲ್ಲಿ ಮೀಟರ್ ಬೇಕು. ಒಂದು ತಾಸು ಅಲ್ಲೇ ಹಿಡಿದು, ಆಮೇಲೆ ಗೂಡಿನ ಬಾಯಿ ಮುಚ್ಚಿ ಬೆಳಗಿನ ತನಕ ಬಿಡುವುದು. ತೆಗೆದು ನೋಡುವ ಚಪಲ ಇದ್ದವರು ಬೀಗ ಹಾಕಿಕೊಳ್ಳಿ.

ಎಳೆದಾಟ ಉಳಿದಿದೆಯೋ ಇಲ್ಲವೋ ನೋಡಲು ಲ್ಯಾಪ್‌ಟಾಪ್ ಸಾಕು. ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಪೋಲರೈಸ್ಡ್ ತಂಪು ಕನ್ನಡಕ ತಿರುಗಿಸುತ್ತ ಹೋದರೆ ಪರದೆ ಕಪ್ಪಾಗುವ ಒಂದು ಕೋನ ಸಿಗುತ್ತದೆ. ನಡುವೆ ಗಾಜಿನ ತುಂಡು ಹಿಡಿಯಿರಿ. ಅದೂ ಕಪ್ಪಾಗಿಯೇ ಇದ್ದರೆ ಸರಿ. ಬೆಳ್ಳಗೆ, ಬಣ್ಣಬಣ್ಣವಾಗಿ ಮಚ್ಚೆ ಕಂಡರೆ ಮತ್ತೆ ಗೂಡಿಗೆ.

ಸುಣ್ಣ ಇಲ್ಲದ ತುಂಡು

ಸುಣ್ಣ ಬಿಟ್ಟರೆ ಏನಾಗುತ್ತದೆ ಅಂತ ನೋಡಲು ಬರೀ ಬೂದಿ-ಸೋಡಾ ಹಾಕಿ ಒಂದು ತುಂಡು ಮಾಡಿದೆ. ಕರಗುವುದು ಸಲೀಸು, ನೋಡಲು ಚಂದ. ಲೋಟದ ನೀರಿಗೆ ಹಾಕಿಟ್ಟರೆ ಮೈ ಲೋಳೆಯಾಗಿ ಅರಿಶಿನದ ಕಾಗದ ಕೆಂಪಾಯಿತು. ಸೋಡಾ ಹೊರಗೆ ಬರುತ್ತಿದೆ ಅಂತ ಅರ್ಥ. ಅಂಗಡಿಯಲ್ಲಿ ಅಂಟಾಗಿ ಮಾರುವ ಸೋಡಿಯಂ ಸಿಲಿಕೇಟ್ ಇದರ ಅಣ್ಣತಮ್ಮನೇ. ಸುಣ್ಣ ಇರುವ ತುಂಡು ಪಕ್ಕದ ಲೋಟದಲ್ಲಿ ಹೊಳಪು ಬಿಡದೆ ಕೂತಿತ್ತು. ಆದರೂ ನನ್ನ ಅಳತೆಯಲ್ಲಿ ಸೋಡಾ ಜಾಸ್ತಿಯೇ, ಇದರಲ್ಲಿ ಯಾರೂ ಹುಳಿ ಪದಾರ್ಥ ಇಡಬೇಡಿ.

ಬಣ್ಣ

ಹೊಟ್ಟಿನ ಬೂದಿಯ ಗಾಜು ತಿಳಿಹಸಿರು ಬಂತು, ತುಂಬ ಸಣ್ಣ ಗುಳ್ಳೆಗಳಿವೆ. ಹಸಿರು ಕಬ್ಬಿಣದ್ದು. ಅದನ್ನು ತೆಗೆಯಲು ಗಾಜಿನವರು ಹಿಂದಿನಿಂದಲೂ ಮ್ಯಾಂಗನೀಸ್ ಹಾಕುತ್ತಾರೆ. ಅದು ಕಬ್ಬಿಣದ ಹಸಿರನ್ನು ತೆಳು ಹಳದಿಗೆ ತಿರುಗಿಸುತ್ತದೆ, ಮತ್ತು ತನ್ನ ನೇರಳೆಯಿಂದ ಆ ಹಳದಿಯನ್ನೂ ಮರೆಸುತ್ತದೆ. ಮ್ಯಾಂಗನೀಸ್‌ಗೆ ದೂರ ಹೋಗಬೇಕೇ? ಸಂಡೂರಿನ ಗೆಳೆಯನ ಮನೆ ಷೋಕೇಸಿನಲ್ಲಿ ಅಲ್ಲಿನ ಅದಿರಿನ ಕಲ್ಲೊಂದು ಇತ್ತು, ಮೂಲೆ ಮುರಿದುಕೊಟ್ಟ. ಕಪ್ಪು ಪುಡಿಯನ್ನು ಚಿಟಿಕೆಗಿಂತ ಕಡಿಮೆ ಹಾಕಿದಾಗ ಹಸಿರು ತಗ್ಗಿ ತಿಳಿಬೂದು ಆಯಿತು. ಕಲ್ಲಿನಲ್ಲೇ ಕಬ್ಬಿಣವೂ ಇರುವುದರಿಂದ ಪೂರ್ತಿ ತಿಳಿ ಆಗುವುದಿಲ್ಲ. ಚಿಟಿಕೆ ತುಂಬ ಹಾಕಿದರೆ ನೇರಳೆ. ಆದರೆ ಆ ನೇರಳೆ ಗಾಳಿ ಚೆನ್ನಾಗಿ ಆಡುವ ಬೆಂಕಿಯಲ್ಲಿ ಮಾತ್ರ ನಿಲ್ಲುತ್ತದೆ. ಮೂಸೆಯ ಸುತ್ತ ಇದ್ದಿಲು ಕವಿದರೆ ಮಾಯ.

ಪತ್ತಾರ ಕಾಕಾ ನೇರಳೆ ತುಂಡನ್ನು ಇಕ್ಕಳದಲ್ಲಿ ಹಿಡಿದು ನೋಡಿ, "ಇದ ಬ್ಯಾಡ, ಫಿರೋಜಾ ನೀಲಿ ಮಾಡಿ ತಾ, ಉಂಗುರಕ್ಕ ಕೂಡಿಸಿ ಕೊಡ್ತೀನಿ" ಅಂದರು. ಆ ನೀಲಿ ತಾಮ್ರದಿಂದ ಬರುತ್ತದೆ, ಗಾಜಿನ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ತಾಮ್ರದ ಆಕ್ಸೈಡ್ ಸಾಕು. ತಾಮ್ರದ ತಂತಿ ಕೆಂಪಗೆ ಕಾಯಿಸಿ ಉದುರುವ ಕರೀ ಹೊಪ್ಪಳವೇ ಆ ಆಕ್ಸೈಡ್, ಅದಕ್ಕೆ ದುಡ್ಡೂ ಬೇಡ. ಬೇಕಿರುವುದು ಇದ್ದಿಲಿಲ್ಲದ ಬೆಂಕಿ. ಇದ್ದಿಲ ಕುಲುಮೆಯಲ್ಲಿ ತಾಮ್ರ ಕಂದುಗೆಂಪಿಗೆ ತಿರುಗುತ್ತದೆ. ಹಾಗಾಗಿ ಈಗ ಅದೇ ಡ್ರಮ್ಮಿನ ಪಕ್ಕಕ್ಕೆ ತೂತು ಕೊರೆದು ಗ್ಯಾಸ್ ಬರ್ನರ್ ಕೂರಿಸುತ್ತಿದ್ದೇನೆ. ಪೈಪನ್ನು ನೇರ ಮೂಸೆಗೆ ಗುರಿ ಇಡದೆ ಓರೆಯಾಗಿ, ಜ್ವಾಲೆ ಗೋಡೆಗುಂಟ ಸುತ್ತುವ ಹಾಗೆ ಇಟ್ಟಿದ್ದೇನೆ.